ಚಿಕ್ಕ ಗುಂಡಿನ ಪರವಾಗಿ ನಾಲ್ಕು ಮಾತು

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬುದು ನಮ್ಮ ಕಡೆಯ ಹಳೆಯ ಮಾತು. ಕನಕಾಚಲಪತಿಯ ಗುಡಿಯ ಕಂಬಗಳನ್ನು ನೋಡಿ ಬೆರಗಾದವರ ಬಾಯಲ್ಲಿ ಹುಟ್ಟಿದ ಮಾತಿರಬೇಕು. ಊರಿನವರಾದ ನಾವು ಇದನ್ನು ಹೊರಗಿನವರ ಮುಂದೆ ಹೆಮ್ಮೆಯಿಂದ ಹೇಳುತ್ತೇವೆಯೇ ಹೊರತು, ಕಣ್ಣಿಗೆ ಸಲ್ಲಬೇಕಾದ ಮರ್ಯಾದೆಯನ್ನು ಬೇರೆಲ್ಲಿಯೂ ಸಲ್ಲಿಸುವವರಲ್ಲ. ಪೈಲವಾನನ ತೋಳಿಗೆ ಮರ್ಯಾದೆಯುಂಟು, ಎತ್ತರದ ದನಿಗೆ ಉಂಟು, ಹೆಚ್ಚು ಸಪ್ಪಳ ಮಾಡುವ ಮೋಟಾರ್ ಸೈಕಲ್ಲಿಗೂ ಉಂಟು. ಕೋವಿಯ ವಿಷಯದಲ್ಲಂತೂ ಕೇಳುವುದೇ ಬೇಡ. ದೊಡ್ಡ ಗುಂಡು ಗಂಡಸಿನದು, ಚಿಕ್ಕ ಗುಂಡು ಮಕ್ಕಳದು ಎಂದು ತೀರ್ಮಾನ ಆಗಿಹೋಗಿದೆ.

ಎನ್. ಸಿ. ಸಿ. ಯಲ್ಲಿ ನಮಗೆ ಕೊಡುವುದು .22 ರೈಫಲು. ಅದರ ಗುಂಡಿನ ತೂಕ 40 ಗ್ರೇನ್, ಎಂದರೆ ಸುಮಾರು ಎರಡೂವರೆ ಗ್ರಾಂ. ಗ್ರೇನ್ ಎಂಬ ಅಳತೆ ಹಿಂದೆ ಒಂದು ಜವೆಗೋಧಿಯ ಕಾಳಿನ ತೂಕದಿಂದ ಬಂದುದಂತೆ. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹಾಗೆ. ಈ ಗುಂಡನ್ನು ಕಂಡು ನಮ್ಮ ಓಣಿಯ ಹಿರಿಯರೊಬ್ಬರು, “ಇದೇನವ್ವಾ, ಗುಬ್ಬಿ ಹೊಡ್ಯಾಕಾ?” ಎಂದು ನಕ್ಕರು. ಅವರ ನಗುವಿಗೆ ನನ್ನ ಬೇಸರವಿಲ್ಲ. ಆದರೆ ವಸತಿ ನಿಲಯದಲ್ಲಿ ಓದಿದ ಗೆಳತಿಯರೇ ಇದೇ ಮಾತನ್ನು ಆಡಿದಾಗ ಸುಮ್ಮನಿರುವುದು ಕಷ್ಟವಾಯಿತು. ಅವರಲ್ಲೊಬ್ಬಳು ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗುವ ಆಸೆಯವಳು. ಅವಳ ವಾದ ಹೀಗೆ: ನಿಂತಲ್ಲಿ ನಿಂತು, ಉಸಿರು ಹಿಡಿದು, ಕಾಗದದ ಮೇಲಿನ ವೃತ್ತಕ್ಕೆ ಹೊಡೆಯುವ ಆಟದಲ್ಲಿ ನಿನ್ನ ಗುಬ್ಬಿಗುಂಡು ನಡೆದೀತು, ಓಡುತ್ತಾ, ಮರೆಯಿಂದ ಮರೆಗೆ ಸರಿಯುತ್ತಾ, ಕ್ಷಣಗಳ ಲೆಕ್ಕದಲ್ಲಿ ಹೊಡೆಯುವ ಪ್ರಾಕ್ಟಿಕಲ್ ಪಿಸ್ತೂಲು ಸ್ಪರ್ಧೆಯಲ್ಲಿ ನಡೆಯದು, ಅಲ್ಲಿ ಬಲವೇ ಬೇಕು.

ನಾನು ಪಿಸ್ತೂಲು ಹಿಡಿದವಳಲ್ಲ. ಈ ಕ್ರೀಡೆಯಲ್ಲಿ ಹೆಚ್ಚಾಗಿ ಬಳಸುವ 9 ಮಿಲಿಮೀಟರಿನ ಪಿಸ್ತೂಲು ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರುಗಳ ಸಾಲಿಗೆ ಸೇರಿದ್ದು. ಆದುದರಿಂದ ನನ್ನ ಗೆಳತಿಯೂ ಅದನ್ನು ಹಿಡಿದವಳಲ್ಲ. ಇಬ್ಬರೂ ಕಾಣದ ಆನೆಯನ್ನು ಕುರಿತು ಜಗಳವಾಡುವುದಕ್ಕಿಂತ ಆ ಸ್ಪರ್ಧೆಯ ನಿಯಮಗಳನ್ನೇ ಓದುವುದು ಲೇಸೆಂದು ತೋರಿತು. ಓದಿದೆ. ಓದಿದ ಮೇಲೆ ಅವಳ ವಾದ ನಿಯಮಾವಳಿಯ ಒಳಗೇ ಕುಸಿದಿರುವುದು ಕಂಡಿತು.

ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ ಹುಟ್ಟಿದ್ದು 1976 ರಲ್ಲಿ, ಅಮೆರಿಕದ ಮಿಸ್ಸೂರಿ ಪ್ರಾಂತದ ಕೊಲಂಬಿಯಾ ಎಂಬ ಊರಿನಲ್ಲಿ. ಜೆಫ್ ಕೂಪರ್ ಎಂಬವರು ಅದರ ಮೊದಲ ಅಧ್ಯಕ್ಷರು. ನಿಖರತೆ, ಬಲ, ವೇಗ, ಈ ಮೂರೂ ಸಮತೂಕದಲ್ಲಿರಬೇಕೆಂಬುದು ಅವರ ಧ್ಯೇಯ. ಬಲವನ್ನು ಅಳೆಯಲು ಅವರು ಮಾಡಿಕೊಂಡಿರುವ ಉಪಾಯ ಬಹಳ ಸರಳ. ಗುಂಡಿನ ತೂಕವನ್ನು ಗ್ರೇನಿನಲ್ಲಿಯೂ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿಯೆಂದೂ ತೆಗೆದುಕೊಂಡು ಗುಣಿಸಿ, ಸಾವಿರದಿಂದ ಭಾಗಿಸುವುದು. ಬಂದ ಸಂಖ್ಯೆಗೆ ಪವರ್ ಫ್ಯಾಕ್ಟರ್ ಎಂದು ಹೆಸರು. ಅದು 125 ಮುಟ್ಟಿದರೆ ‘ಮೈನರ್’. 170 ಮುಟ್ಟಿದರೆ ‘ಮೇಜರ್’. ಓಪನ್ ಎಂಬ ವಿಭಾಗದಲ್ಲಿ ಮಾತ್ರ ಮೇಜರಿಗೆ 160 ಸಾಕು. 124 ಗ್ರೇನಿನ 9 ಮಿಲಿಮೀಟರ್ ಗುಂಡು ಸೆಕೆಂಡಿಗೆ 1050 ಅಡಿ ಹೋದರೆ 130 ಆಯಿತು, ಮೈನರ್. 230 ಗ್ರೇನಿನ .45 ಗುಂಡು 750 ಅಡಿ ಹೋದರೆ 172, ಮೇಜರ್.

ಇನ್ನು ಅಂಕಗಳ ವಿಚಾರ. ಗುರಿಯ ಹಲಗೆಯಲ್ಲಿ ಎ, ಸಿ, ಡಿ ಎಂದು ಮೂರು ವಲಯಗಳು. ನಟ್ಟನಡುವಿನ ಎ ವಲಯಕ್ಕೆ ಬಿದ್ದ ಗುಂಡಿಗೆ, ಅದು ಮೇಜರ್ ಆಗಲಿ ಮೈನರ್ ಆಗಲಿ, 5 ಅಂಕ. ಸಿ ವಲಯಕ್ಕೆ ಬಿದ್ದರೆ ಮೇಜರಿಗೆ 4, ಮೈನರಿಗೆ 3. ಡಿ ವಲಯಕ್ಕೆ ಮೇಜರಿಗೆ 2, ಮೈನರಿಗೆ 1. ಓದುಗರು ಈ ಸಾಲನ್ನು ಇನ್ನೊಮ್ಮೆ ಓದಬೇಕೆಂದು ನನ್ನ ಪ್ರಾರ್ಥನೆ. ದೊಡ್ಡ ಗುಂಡಿಗೆ ಸಿಗುವ ಹೆಚ್ಚಿನ ಅಂಕ ಯಾವಾಗ ಸಿಗುತ್ತದೆ? ಗುರಿ ತಪ್ಪಿದಾಗ! ನಡುವಿಗೆ ಹೊಡೆದವನಿಗೆ ಬಲದಿಂದ ಒಂದು ಕಾಸಿನ ಲಾಭವೂ ಇಲ್ಲ.

ಬಂದ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಹನ್ನೆರಡು ಗುಂಡಿನಲ್ಲಿ ಎಂಟು ಎ ವಲಯಕ್ಕೂ ನಾಲ್ಕು ಸಿ ವಲಯಕ್ಕೂ ಬಿದ್ದವೆಂದು ಇಟ್ಟುಕೊಳ್ಳೋಣ. ಮೇಜರಿಗೆ 56 ಅಂಕ, ಮೈನರಿಗೆ 52. ದೊಡ್ಡ ಗುಂಡಿನವನು ಹತ್ತು ಸೆಕೆಂಡು ತೆಗೆದುಕೊಂಡರೆ ಅವನ ಫಲ 5.60. ಚಿಕ್ಕ ಗುಂಡಿನವನು 9.2 ಸೆಕೆಂಡಿನಲ್ಲಿ ಮುಗಿಸಿದರೆ ಅವನ ಫಲ 5.65. ಮುಕ್ಕಾಲು ಸೆಕೆಂಡಿಗಿಂತ ಕೊಂಚವೇ ಹೆಚ್ಚು ಉಳಿಸಿದರೆ ನಾಲ್ಕು ಅಂಕದ ಸಾಲ ತೀರಿತು. ಆ ಮುಕ್ಕಾಲು ಸೆಕೆಂಡು ಎಲ್ಲಿಂದ ಬರಬೇಕು? ಒದೆತದಿಂದ.

ಕೋವಿ ಒದೆಯುತ್ತದೆ ಎಂಬುದನ್ನು ಕೋವಿ ಕಾಣದವರೂ ಕೇಳಿರುತ್ತಾರೆ. ನಾನು ಬಿ. ಎ. ವಿದ್ಯಾರ್ಥಿನಿ, ನನ್ನ ಭೌತಶಾಸ್ತ್ರ ಹೈಸ್ಕೂಲಿಗೇ ನಿಂತಿತು. ಆದರೂ ನ್ಯೂಟನ್ನನ ಮೂರನೆಯ ನಿಯಮ ಯಾರನ್ನೂ ಬಿಡುವುದಿಲ್ಲ. ಪಿಸ್ತೂಲಿನ ತೂಕ ಒಂದು ಕಿಲೋ ಎಂದಿಟ್ಟುಕೊಂಡು, ಮದ್ದಿನ ಹೊಗೆಯ ಲೆಕ್ಕವನ್ನು ಬಿಟ್ಟು ನೋಡಿದರೆ, .45 ಗುಂಡು ಅದನ್ನು ಸೆಕೆಂಡಿಗೆ 3.4 ಮೀಟರ್ ವೇಗದಿಂದ ಹಿಂದಕ್ಕೆ ತಳ್ಳುತ್ತದೆ. ಮೈನರ್ 9 ಮಿಲಿಮೀಟರ್ 2.6 ಮೀಟರ್; .22 ಆದರೆ ಬರಿಯ 0.8. ಹಿಂದಕ್ಕೆ ಬಂದ ಪಿಸ್ತೂಲಿನ ಮೂತಿ ಮೇಲಕ್ಕೇಳುತ್ತದೆ. ಅದು ಇಳಿದು ಮುಂದಿನ ಗುರಿಯ ಮೇಲೆ ಕೂರುವ ತನಕ ಎರಡನೆಯ ಗುಂಡು ಹಾರಿಸುವಂತಿಲ್ಲ. ಆ ಕಾಯುವಿಕೆ ಕ್ಷಣದ ಒಂದು ಚೂರು. ಹನ್ನೆರಡು ಚೂರು ಸೇರಿದರೆ ಪಂದ್ಯವೇ ಹೋಗುತ್ತದೆ.

ಆದರೆ ಒದೆತದ ದೊಡ್ಡ ಹಾನಿ ಗುಂಡು ಹಾರಿದ ಮೇಲೆ ಆಗುವುದಲ್ಲ, ಹಾರುವ ಮುನ್ನ ಆಗುವುದು. ನಮಗೆ ಕಲಿಸಿದ ಹವಾಲ್ದಾರರು ಇದನ್ನು ತೋರಿಸಿಕೊಟ್ಟ ಬಗೆ ನನಗೆ ಮರೆಯುವಂತಿಲ್ಲ. ಕೆಡೆಟ್ ಒಬ್ಬನಿಗೆ ತಿಳಿಯದಂತೆ ನಿಜವಾದ ತೋಟಾಗಳ ನಡುವೆ ಒಂದು ಹುಸಿ ತೋಟಾವನ್ನು ಸೇರಿಸಿದರು. ಅವನು ಕುದುರೆಯನ್ನು ಒತ್ತಿದ. ಗುಂಡು ಹಾರಲಿಲ್ಲ, ಸಪ್ಪಳವಿಲ್ಲ, ಒದೆತವಿಲ್ಲ. ಆದರೂ ರೈಫಲಿನ ಮೂತಿ ತಟಕ್ಕನೆ ಕೆಳಗೆ ಬಾಗಿತು, ಅವನ ಕಣ್ಣು ಮುಚ್ಚಿತು. ಬರದ ಒದೆತಕ್ಕೆ ಮೈ ಆಗಲೇ ಬೆಚ್ಚಿ ಉತ್ತರ ಕೊಟ್ಟಿತ್ತು. ಹುಡುಗ ಒಳ್ಳೆಯ ಮೈಕಟ್ಟಿನವನು, ಅಂಜುಬುರುಕನಲ್ಲ. ಬೆಚ್ಚುವುದು ಮನಸ್ಸಲ್ಲ, ಮೈ. ಮೈಯನ್ನು ಒಪ್ಪಿಸಿ ಬುದ್ಧಿ ಹೇಳಲಾಗದು. ಅದಕ್ಕೆ ನೂರಾರು ಸಲ ನೋವಾಗದಂತೆ ಹೊಡೆಸಿ ಭರವಸೆ ಹುಟ್ಟಿಸಬೇಕು. ಕಲಿಯುವವರ ಕೈಗೆ ಚಿಕ್ಕ ಗುಂಡನ್ನು ಕೊಡುವುದು ಇದಕ್ಕೆ, ಅಗ್ಗವೆಂಬುದಕ್ಕೆ ಮಾತ್ರವಲ್ಲ.

ಹಾಗೆಂದು ಚಿಕ್ಕದು ಮಾಡುತ್ತಾ ಹೋಗಬಹುದೆ? ಪ್ರಾಕ್ಟಿಕಲ್ ಸ್ಪರ್ಧೆಯಲ್ಲಿ ಹೋಗಲಾಗದು. ಸ್ಪರ್ಧಾಳುವಿನ ತೋಟಾಗಳಲ್ಲಿ ಕೆಲವನ್ನು ಅಧಿಕಾರಿಗಳು ತೆಗೆದುಕೊಂಡು, ಒಂದರ ಗುಂಡನ್ನು ಕಿತ್ತು ತಕ್ಕಡಿಗೆ ಹಾಕಿ, ಉಳಿದವನ್ನು ವೇಗಮಾಪಕ ಯಂತ್ರದ ಮೇಲೆ ಹಾರಿಸಿ ನೋಡುತ್ತಾರೆ. 125 ಕ್ಕಿಂತ ಕಡಮೆಯಾಯಿತೋ, ಅವನು ಹೊಡೆದುದೆಲ್ಲ ಲೆಕ್ಕಕ್ಕೆ ಇಲ್ಲ. ಆದುದರಿಂದ ಜಾಣರು 125 ರ ಅಂಚಿನಲ್ಲಿ ನಿಲ್ಲದೆ 130 ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಚಳಿಯ ಮುಂಜಾನೆ ಕೆಲವು ಮದ್ದುಗಳ ಕಾವು ಇಳಿದು ಗುಂಡಿನ ವೇಗ ತಗ್ಗುವುದುಂಟು. ಇನ್ನೂ ಒಂದು ತೊಡಕಿದೆ. ಈ ಪಿಸ್ತೂಲುಗಳು ಒಂದು ಗುಂಡಿನ ಒದೆತದಿಂದಲೇ ಮುಂದಿನ ತೋಟಾವನ್ನು ಒಳಗೆ ಎಳೆದುಕೊಳ್ಳುತ್ತವೆ. ಬಲ ತೀರ ಕುಂದಿದರೆ ಮೇಲಿನ ಜಾರುಪಟ್ಟಿ ಪೂರ್ತಿ ಹಿಂದೆ ಸರಿಯದೆ ಪಿಸ್ತೂಲು ನಡುವೆಯೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಒಳಗಿನ ಸ್ಪ್ರಿಂಗನ್ನೂ ಹಗುರ ಮಾಡಿಕೊಳ್ಳಬೇಕು. 147 ಗ್ರೇನಿನ ಭಾರದ ಗುಂಡನ್ನು 870 ಅಡಿಯ ನಿಧಾನ ವೇಗದಲ್ಲಿ ಕಳುಹಿಸುವವರೂ ಇದ್ದಾರೆ; ಲೆಕ್ಕ 128 ಕ್ಕೆ ಸರಿಹೋಗುತ್ತದೆ, ಮದ್ದು ಕಡಮೆ ಸಾಕಾಗುತ್ತದೆ, ಒದೆತ ಮೆತ್ತಗೆ ತಳ್ಳಿದಂತೆ ಇರುತ್ತದಂತೆ. ನಮ್ಮ ಹಳ್ಳಿಗಳ ಕಮ್ಮಾರರಿಗೆ ಹೇಳಿದರೆ ಅರ್ಥವಾಗುವ ವಿದ್ಯೆ ಇದು. ಸುತ್ತಿಗೆಯ ಭಾರ ಹೆಚ್ಚಿದಲ್ಲಿ ಬೀಸಿನ ವೇಗ ಕಡಮೆ ಮಾಡುವುದು ಅವರಿಗೆ ಗೊತ್ತು.

ಇಲ್ಲಿ ಒಂದು ತಮಾಷೆಯಿದೆ. ಬಲ ಬೇಕು ಬೇಕು ಎಂದು ಜಗತ್ತೆಲ್ಲ ಕೂಗುತ್ತಿದ್ದರೂ, ಸ್ಪರ್ಧೆಗೆ ಇಳಿದವರನ್ನು ಅವರ ಪಾಡಿಗೆ ಬಿಟ್ಟರೆ ಅವರು ಬಲವನ್ನು ಬಿಡುತ್ತಾ ಹೋಗುತ್ತಾರೆ. ನಿಯಮವೇ ಅಡ್ಡ ನಿಂತು ‘ಇಷ್ಟಾದರೂ ಇರಲಿ’ ಎನ್ನಬೇಕಾಗುತ್ತದೆ. ಒಲಿಂಪಿಕ್ಸಿನ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯ ಚರಿತ್ರೆಯನ್ನೇ ನೋಡಿ. 25 ಮೀಟರ್ ದೂರದ ಐದು ಗುರಿಗಳಿಗೆ ಐದು ಗುಂಡು. ಮೊದಲು ಎಂಟು ಸೆಕೆಂಡು, ಆಮೇಲೆ ಆರು, ಕೊನೆಗೆ ನಾಲ್ಕು. ಅಲ್ಲಿಯವರು .22 ಗುಂಡುಗಳಲ್ಲಿಯೂ ಗಿಡ್ಡದಾದ ‘ಶಾರ್ಟ್’ ಎಂಬ 29 ಗ್ರೇನಿನದನ್ನು ಆರಿಸಿಕೊಂಡಿದ್ದರು. 2004 ರ ಆಥೆನ್ಸ್ ಒಲಿಂಪಿಕ್ಸಿನ ಅನಂತರ ನಿಯಮ ಬದಲಾಗಿ, 2005 ರಿಂದ ಎಲ್ಲರೂ ‘ಲಾಂಗ್ ರೈಫಲ್’ ತೋಟಾವನ್ನೇ ಬಳಸಬೇಕಾಯಿತು. ನಮ್ಮ ವಿಜಯ ಕುಮಾರ್ 2012 ರಲ್ಲಿ ಲಂಡನ್ನಿನಲ್ಲಿ ಬೆಳ್ಳಿ ಗೆದ್ದುದು ಈ ಹೊಸ ನಿಯಮದ ಕಾಲದಲ್ಲಿ. ಸೆಂಟರ್ ಫೈರ್ ಎಂಬ ಇನ್ನೊಂದು ಸ್ಪರ್ಧೆಯಲ್ಲಿ .30 ರಿಂದ .38 ರ ತನಕ ಯಾವ ಬೋರಾದರೂ ಸರಿ ಎಂದಿದ್ದರೂ, ಬಹುಮಂದಿ ಹಿಡಿಯುವುದು .32 ರ ಚಪ್ಪಟೆ ಮೂತಿಯ ಮೆದು ತೋಟಾವನ್ನು. ಪ್ರಾಕ್ಟಿಕಲ್ ಲೆಕ್ಕದಲ್ಲಿ ಅದು 75 ರ ಸುಮಾರು, ಮೈನರನ್ನೂ ಮುಟ್ಟದು. ಜಸ್ಪಾಲ್ ರಾಣಾ 1994 ರ ಹಿರೋಶಿಮಾದಲ್ಲಿಯೂ 2006 ರ ದೋಹಾದಲ್ಲಿಯೂ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಗೆದ್ದ ಸ್ಪರ್ಧೆ ಇದೇ. ದೋಹಾದಲ್ಲಿ ಅವರ ಅಂಕ 590, ಆಗಿನ ವಿಶ್ವದಾಖಲೆಗೆ ಸಮ. ಇನ್ನು 2008 ರಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯ ಮೊದಲ ಒಲಿಂಪಿಕ್ ಚಿನ್ನ ತಂದುದು ಅರ್ಧ ಗ್ರಾಂ ತೂಕದ ಸೀಸದ ಗುಳಿಗೆಯಿಂದ. ಅದರಲ್ಲಿ ಮದ್ದೇ ಇಲ್ಲ, ಬರೀ ಗಾಳಿ! ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014 ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಪಡೆದುದೂ, ಮನು ಭಾಕರ್ 2024 ರ ಪ್ಯಾರಿಸ್ಸಿನಲ್ಲಿ ಎರಡು ಕಂಚು ಪಡೆದುದೂ ಗಾಳಿಯ ಪಿಸ್ತೂಲಿನಲ್ಲಿಯೇ.

.22 ರಲ್ಲಿಯೇ ವೇಗದ್ದು, ನಿಧಾನದ್ದು ಎಂದು ಎರಡು ಬಗೆಯುಂಟು. ಗುರಿಕಾರರು ಕೊಳ್ಳುವುದು ನಿಧಾನದ್ದನ್ನು, ಸೆಕೆಂಡಿಗೆ 320 ಮೀಟರಿನ ಆಚೀಚೆ. ಶಬ್ದದ ವೇಗ ಇದಕ್ಕಿಂತ ಹೆಚ್ಚು. ನಮ್ಮೂರಿನ ಬೇಸಿಗೆಯ 40 ಡಿಗ್ರಿ ಬಿಸಿಲಿನಲ್ಲಂತೂ 355 ಮೀಟರ್. ಶಬ್ದವನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ದಣಿದು ಶಬ್ದದ ವೇಗಕ್ಕೆ ಇಳಿಯುವಾಗ ತುಸು ಅಲುಗಿ ದಾರಿ ತಪ್ಪುತ್ತದಂತೆ. ಮೊದಲಿನಿಂದಲೂ ಕೆಳಗೇ ಇದ್ದುದಕ್ಕೆ ಆ ಸಂಕಟವಿಲ್ಲ.

ಕೊಡಗಿನವರ ಮಾತನ್ನೂ ಹೇಳಬೇಕು. 1861 ರಿಂದ ಅವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. 2019 ರಲ್ಲಿ ಕೇಂದ್ರ ಸರಕಾರ ಅದನ್ನು 2029 ರ ತನಕ ಮುಂದುವರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಆ ಪಂದ್ಯಗಳಲ್ಲಿ 12 ಬೋರಿನ ಕೋವಿಯ ಪಕ್ಕದಲ್ಲಿಯೇ .22 ರೈಫಲಿಗೂ ಬೇರೆ ವಿಭಾಗವಿಟ್ಟು ಬಹುಮಾನ ಕೊಡುತ್ತಾರೆ. ಕೋವಿಯನ್ನು ಮನೆಯ ದೇವರಂತೆ ಕಂಡವರು ಚಿಕ್ಕ ಗುಂಡನ್ನು ಪಂದ್ಯದಿಂದ ಹೊರಗಿಡಲಿಲ್ಲ.

ನಮ್ಮ ಸೀಮೆಯಲ್ಲಿ ಕೋವಿಯಿಲ್ಲ, ಕವಣೆಯಿದೆ. ಜೋಳ ಹಾಲುಗಟ್ಟುವ ಕಾಲಕ್ಕೆ ಹೊಲದ ನಡುವೆ ಅಟ್ಟಣೆ ಕಟ್ಟಿ, ಬೆಳಗಿನಿಂದ ಸಂಜೆಯ ತನಕ ಹಕ್ಕಿ ಕಾಯುವುದು ನಮ್ಮಜ್ಜನ ಕೆಲಸವಾಗಿತ್ತು. ಅಜ್ಜ ಕಲ್ಲು ಆರಿಸುವುದನ್ನು ನೋಡಬೇಕಾಗಿತ್ತು. ಹಳ್ಳದ ದಂಡೆಯಿಂದ ನೆಲ್ಲಿಕಾಯಿ ಗಾತ್ರದ ದುಂಡು ಕಲ್ಲುಗಳನ್ನೇ ಆಯ್ದು ಉಡಿ ತುಂಬಿಕೊಳ್ಳುತ್ತಿದ್ದ. ಹುಡುಗರು ಮುಷ್ಟಿಗಾತ್ರದ ಕಲ್ಲು ತಂದರೆ ಎಸೆದುಬಿಡುತ್ತಿದ್ದ. ಗಿಳಿ ತಿನ್ನುವುದು ಹತ್ತು ಕಾಳು, ದೊಡ್ಡ ಕಲ್ಲು ಮುರಿಯುವುದು ಹತ್ತು ತೆನೆ ಎಂಬುದು ಅವನ ಲೆಕ್ಕ. ಶಾಲೆಯ ಮೆಟ್ಟಿಲು ಹತ್ತದ ಅಜ್ಜನ ಈ ಲೆಕ್ಕವನ್ನು ನನ್ನ ಗೆಳತಿಗೆ ಹೇಳಿದೆ. ಅವಳು, “ಹೊಲ ಬೇರೆ, ಪೊಲೀಸು ಬೇರೆ” ಎಂದಳು. ಅವಳ ಮಾತಿನಲ್ಲಿ ನಿಜವಿದೆ. ನಾನು ಬರೆಯುತ್ತಿರುವುದು ಸ್ಪರ್ಧೆಯನ್ನು ಕುರಿತು. ಪ್ರಾಣದ ಮೇಲೆ ಬಂದಾಗ ಯಾವ ಗುಂಡು ಬೇಕೆಂಬುದು ಬೇರೆಯೇ ವಿಷಯ, ಅದರಲ್ಲಿ ನನಗೆ ಅಧಿಕಾರವಿಲ್ಲ.

ನನಗೆ ಇದರಲ್ಲಿ ಇಷ್ಟು ಆಸಕ್ತಿ ಏಕೆಂದು ಕೇಳಬಹುದು. ನನ್ನ ತೂಕ 43 ಕಿಲೋ. ನಮ್ಮ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲನೆಯವಳು, ಶಿಬಿರಕ್ಕೆ ಹೋಗುವುದಕ್ಕಂತೂ ಕೇಳುವುದೇ ಬೇಡ. ಒಪ್ಪಿಗೆಯ ಪತ್ರವನ್ನು ಮುಂದಿಟ್ಟಾಗ ಅಪ್ಪ ಬಹಳ ಹೊತ್ತು ಅದನ್ನು ನೋಡುತ್ತಾ ಕುಳಿತ. ಅವನಿಗೆ ಓದಲು ಬಾರದು, ಆದರೂ ನೋಡಿದ. ಕೊನೆಗೆ ಕೇಳಿದ್ದು ಒಂದೇ ಮಾತು: “ಬಾಳ ಒದಿತೈತೇನು ಅದು?” ಇಲ್ಲ, ಮಗುವಿನ ಕೈ ತಾಗಿದಂತೆ ಎಂದೆ. ಹೆಬ್ಬೆಟ್ಟು ಒತ್ತಿದ. ಅಂದು ಅದು ದೊಡ್ಡ ಗುಂಡಿನ ಕೋವಿಯಾಗಿದ್ದರೆ ಆ ಹೆಬ್ಬೆಟ್ಟು ಬೀಳುತ್ತಿತ್ತೆಂದು ನನಗೆ ನಂಬಿಕೆಯಿಲ್ಲ. ನಮ್ಮ ತುಕಡಿಯಲ್ಲಿ ನನ್ನಂತಹ ಹುಡುಗಿಯರು ಇನ್ನೂ ಕೆಲವರಿದ್ದಾರೆ. 25 ಗಜ ದೂರದಲ್ಲಿ ಅವರು ಹೊಡೆದ ಐದು ರಂಧ್ರಗಳ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟು ಮುಚ್ಚಿದ್ದನ್ನು ಕಂಡಿದ್ದೇನೆ. ಗುಬ್ಬಿಗುಂಡು ಎಂದು ನಕ್ಕವರಲ್ಲಿ ಇಬ್ಬರು ಅಂದು ಹಾಗೆ ಮುಚ್ಚಲಾರದೆ ತಟ್ಟೆ ಕೇಳಿದರು.

ಈ ಸಲದ ಶಿಬಿರದಲ್ಲಿಯೂ ಒಬ್ಬೊಬ್ಬರಿಗೆ ಐದೇ ಗುಂಡು. ಹೊಡೆದಾದ ಮೇಲೆ ಹುಲ್ಲಿನಲ್ಲಿ ಬೆರಳಾಡಿಸಿ ಐದು ಖಾಲಿ ಕೊಳವೆಗಳನ್ನು ಹುಡುಕಿ, ಎಣಿಸಿ, ಹವಾಲ್ದಾರರ ಪೆಟ್ಟಿಗೆಗೆ ಹಾಕಬೇಕು. ಒಂದು ಸಿಗದಿದ್ದರೂ ಇಡೀ ತುಕಡಿ ಬಿಸಿಲಿನಲ್ಲಿ ಬಗ್ಗಿ ಹುಡುಕುತ್ತದೆ. ಹೆಣ್ಣುಮಕ್ಕಳ ಸರದಿ ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ.