ತನ್ನ ದುಃಖಕ್ಕೆ ತಾನೇ ನಟ

ಲೋಕದಲ್ಲಿ ಶೋಕವು ಶೋಕವೇ, ರಂಗದ ಮೇಲೆ ಮಾತ್ರ ಅದು ಕರುಣರಸ. ನನ್ನದು, ಅವನದು ಎಂಬ ಭೇದವಳಿದು ಭಾವವು ಸಾಧಾರಣವಾದಲ್ಲದೆ ರಸವು ಹುಟ್ಟದೆಂದು ಅಭಿನವಗುಪ್ತಾಚಾರ್ಯರ ಮತ. ಇದನ್ನೇ ಬಹುಕಾಲ ಬೋಧಿಸಿದ ನನಗೆ ಯಾಕೋಬ್ ಮೊರೆನೋ ಎಂಬ ವೈದ್ಯನ ‘ಮನೋನಾಟಕ’ದ ವಿಚಾರವನ್ನೋದಿ ಆಶ್ಚರ್ಯವಾಯಿತು. ಆತನ ರಂಗದಲ್ಲಿ ರೋಗಿಯು ತನ್ನ ದುಃಖವನ್ನು ತಾನೇ ಅಭಿನಯಿಸುವನು. ಬರೆದ ನಾಟಕವಿಲ್ಲ, ಕಂಠಪಾಠವಿಲ್ಲ. ಇತರರು ಅವನ ತಂದೆಯಾಗಿಯೋ ಮಡದಿಯಾಗಿಯೋ ಎದುರು ನಿಲ್ಲುವರು. ಬಳಿಕ ಸ್ಥಾನಗಳು ಬದಲಾಗಿ, ಮಗನೇ ತಂದೆಯಾಗಿ ಮಾತನಾಡಬೇಕಾಗುವುದು. ನಾಟಕದಿಂದ ಪ್ರೇಕ್ಷಕನ ಚಿತ್ತವು ಶುದ್ಧವಾಗುವುದೆಂದು ಯವನರ ಅರಿಸ್ಟಾಟಲನು ಹೇಳಿದನಷ್ಟೆ. ಮೊರೆನೋ ಆ ಶುದ್ಧಿಯನ್ನು ನಟನಿಗೆ ಕೊಟ್ಟನು.

ಈತನು 1889ರಲ್ಲಿ ಬುಕಾರೆಸ್ಟಿನ ಯೆಹೂದ್ಯ ಮನೆತನವೊಂದರಲ್ಲಿ ಜನಿಸಿ ವಿಯೆನ್ನಾದಲ್ಲಿ ಬೆಳೆದವನು. ವೈದ್ಯವಿದ್ಯಾರ್ಥಿಯಾಗಿದ್ದಾಗ ಉದ್ಯಾನದಲ್ಲಿ ಮಕ್ಕಳಿಗೆ ಕಥೆ ಹೇಳಿ, ಅವರಿಂದಲೇ ಅವನ್ನು ಆಡಿಸುತ್ತಿದ್ದನು. 1925ರಲ್ಲಿ ಅಮೆರಿಕೆಗೆ ತೆರಳಿ, 1936ರಲ್ಲಿ ಬೀಕನ್ ಎಂಬಲ್ಲಿ ಚಿಕಿತ್ಸಾಲಯವನ್ನು ತೆರೆದು, 1974ರಲ್ಲಿ ಕಾಲವಾದನು.

ಆದರೆ ಚಿಕಿತ್ಸೆಗಿಂತ ಮೊದಲು ಆತನಲ್ಲಿದ್ದುದು ದೈವಚಿಂತೆ. 1920ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ‘ತಂದೆಯ ಮರಣಶಾಸನ’ದಲ್ಲಿ ದೇವರೇ ಉತ್ತಮಪುರುಷದಲ್ಲಿ ಮಾತನಾಡುವನು. ಸೃಷ್ಟಿಯು ಮುಗಿದುಹೋದ ಕಾರ್ಯವಲ್ಲ, ಮನುಷ್ಯನೂ ಅದರಲ್ಲಿ ಸಹಕರ್ತನೆಂಬುದು ಆತನ ನಂಬಿಕೆ. ಇದರ ಬೇರು ಯೆಹೂದ್ಯರ ಕಬ್ಬಾಲಾ ಎಂಬ ರಹಸ್ಯವಿದ್ಯೆಯಲ್ಲಿ ಕಾಣುವುದು. ದೇವರು ಜಗತ್ತಿಗೆ ಎಡೆಗೊಡಲು ತನ್ನನ್ನು ತಾನೇ ಸಂಕೋಚಿಸಿಕೊಂಡನೆಂದೂ, ತೇಜಸ್ಸನ್ನು ತಾಳಲಾರದೆ ಪಾತ್ರೆಗಳೊಡೆದು ಕಿಡಿಗಳು ಚದರಿದುವೆಂದೂ, ಅವನ್ನೆತ್ತಿ ಸೃಷ್ಟಿಯನ್ನು ಸರಿಪಡಿಸುವುದು ಮನುಷ್ಯನ ಕರ್ತವ್ಯವೆಂದೂ 16ನೆಯ ಶತಮಾನದ ಐಸಾಕ್ ಲೂರಿಯಾ ಬೋಧಿಸಿದನು. 18ನೆಯ ಶತಮಾನದ ಹಸೀದೀ ಭಕ್ತರು ಆ ಕಿಡಿಯನ್ನು ಅನ್ನದಲ್ಲಿಯೂ ಹಾಡುಕುಣಿತಗಳಲ್ಲಿಯೂ ಕಂಡರು. ಹಸೀದೀ ಕಥೆಗಳನ್ನು ಲೋಕಕ್ಕೆ ಪರಿಚಯಿಸಿದ ದಾರ್ಶನಿಕ ಮಾರ್ಟಿನ್ ಬೂಬರನು ಮೊರೆನೋ ನಡೆಸಿದ ಪತ್ರಿಕೆಗೆ ಬರೆದವರಲ್ಲೊಬ್ಬನು. (ನಮ್ಮ ಸಂಸ್ಕೃತದಲ್ಲಿ ‘ಪಾತ್ರ’ವೆಂದರೆ ಭಾಂಡವೂ ಹೌದು, ನಾಟಕದ ವೇಷವೂ ಹೌದು. ಲೂರಿಯಾನಿಗೆ ಇದು ತಿಳಿದಿದ್ದರೆ ಸಂತೋಷಪಡುತ್ತಿದ್ದನೇನೋ!)

ಉತ್ತರರಾಮಚರಿತದ ಏಳನೆಯ ಅಂಕದಲ್ಲಿ ವಾಲ್ಮೀಕಿಗಳು ಸೀತೆಯ ಕಥೆಯನ್ನು ಅಪ್ಸರೆಯರಿಂದ ಆಡಿಸುವರು. ರಾಮನು ನೋಡಿ ಮೂರ್ಛಿತನಾಗುವನು. ಅಲ್ಲಿಯೂ ಅವನು ಪ್ರೇಕ್ಷಕನೇ. ಮೊರೆನೋ ಆಗಿದ್ದರೆ ಅವನನ್ನೆಬ್ಬಿಸಿ ಸೀತೆಯ ಮಾತನ್ನು ಅವನಿಂದಲೇ ಆಡಿಸುತ್ತಿದ್ದನು. ರಸದ ವಿಷಯದಲ್ಲಿ ನನಗೆ ಆಚಾರ್ಯರ ಮಾತೇ ಪ್ರಮಾಣ. ಆದರೆ ನೊಂದವನು ಬೇಡುವುದು ರಸವನ್ನಲ್ಲ.

ಈ ಪದ್ಧತಿಯಲ್ಲಿ ಬರಿದಾದ ಕುರ್ಚಿಯನ್ನಿಟ್ಟು, ಅದರಲ್ಲಿ ಗತಿಸಿದವರು ಕುಳಿತಿರುವರೆಂದು ಭಾವಿಸಿ ಮಾತನಾಡುವುದುಂಟು. ನನ್ನ ಅಣ್ಣನವರು ದೂರದ ಊರಿನಲ್ಲಿ ತೀರಿಕೊಂಡು ಇಪ್ಪತ್ತು ವರ್ಷಗಳಾದುವು. ಕಡೆಯ ಭೇಟಿಯು ಆಗಲೇ ಇಲ್ಲ. ಕುರ್ಚಿಯ ಮುಂದೆ ನನ್ನ ಮಾತುಗಳನ್ನು ಆಡಬಲ್ಲೆನೆಂದು ತೋರುತ್ತದೆ. ಅನಂತರ ಎದ್ದು ಅದರಲ್ಲಿ ಕುಳಿತು, ಅವರಾಗಿ ನನಗೆ ಉತ್ತರ ಕೊಡಬೇಕು. ಅಲ್ಲಿಗೆ ಬಂದು ಮನಸ್ಸು ನಿಲ್ಲುತ್ತದೆ.