ದಾಯಾದಿಗಳ ಬಯಲು

ಬೆಂಗಳೂರಿನಿಂದ ಹೊಸೂರಿಗೆ ಸುಮಾರು 40 ಕಿ.ಮೀ. ಅತ್ತಿಬೆಲೆ ದಾಟಿದೊಡನೆ ರಾಜ್ಯ ಬದಲಾಗುತ್ತದೆ. ಮಾತು ಅಷ್ಟು ಬೇಗ ಬದಲಾಗುವುದಿಲ್ಲ. 1956ರ ಪುನರ್ವಿಂಗಡಣೆಯಲ್ಲಿ ಮದರಾಸು ರಾಜ್ಯದಲ್ಲೇ ಉಳಿದ ಈ ಸೀಮೆ 2004ರಿಂದ ಕೃಷ್ಣಗಿರಿ ಜಿಲ್ಲೆಯದು.

ಇಲ್ಲಿಯ ದ್ರೌಪದಿ ಅಮ್ಮನ ಗುಡಿಗಳ ಮುಂದೆ ಭಾರತದ ಉತ್ಸವ ನಡೆಯುತ್ತದೆ, ಹಲವೆಡೆ 18 ದಿನ. ಹಗಲು ಕಥಾಶ್ರವಣ, ಇರುಳು ತೆರುಕ್ಕೂತ್ತು. ಕಡೆಯ ದಿನ ಮಣ್ಣಿನ ದುರ್ಯೋಧನನನ್ನು ಬಯಲಿನಲ್ಲಿ ಮಲಗಿಸಿ ತೊಡೆ ಮುರಿಯುತ್ತಾರೆ; ದ್ರೌಪದಿ ಮುಡಿ ಕಟ್ಟುತ್ತಾಳೆ. ಆಟದ ನುಡಿ ತಮಿಳು. ಆದರೆ ದಾಯಾದಿಗಳ ಕಲಹ, ಮನೆ ತೊರೆದ ವನವಾಸ, ಪಾಲಿಗಾಗಿ ಸಂಧಾನ, ಇವು ಕುಮಾರವ್ಯಾಸನನ್ನು ಕೇಳಿ ಬೆಳೆದ ನಮ್ಮ ಮನೆಗಳಿಗೆ ಪರಕೀಯವೆ?

ತಮಿಳುಸೀಮೆಯಿಂದ ಬಂದವರೆನ್ನುವ ತಿಗಳರು ಬೆಂಗಳೂರಿನ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರದ ಹುಣ್ಣಿಮೆಯ ಇರುಳು ಹೊರುವ ಕರಗವೂ ಈ ದ್ರೌಪದಿಯದೇ. ನೆಲ ಬದಲಾದರೂ ಅವರು ತಾಯಿಯನ್ನು ಬಿಡಲಿಲ್ಲ.

ನಾವು ಬಿಡದೆ ಉಳಿಸಬೇಕಾದದ್ದು ನುಡಿ. ಹೊಲಮನೆಗಳಿಗೆ ಪಟ್ಟಾ ಉಂಟು, ನುಡಿಗೆ ಪಟ್ಟಾ ಇಲ್ಲ. 2006ರ ತಮಿಳು ಕಲಿಕೆಯ ಕಾನೂನಿನ ಬಳಿಕ ಕನ್ನಡ ಅಕ್ಷರದ ಹೊಣೆ ಮನೆಯ ಹಿರಿಯರ ಮೇಲೆ ಇನ್ನಷ್ಟು ಬಿದ್ದಿದೆ. ತಮಿಳು ನಮ್ಮ ಮಕ್ಕಳ ಅನ್ನದ ನುಡಿ. ಅದನ್ನು ಅವರು ಚೆನ್ನಾಗಿಯೇ ಕಲಿಯಲಿ. ಆದರೆ ಇರುಳು ಕೂತ್ತು ನೋಡಿ ಬಂದ ಮಗುವಿಗೆ ಮರುದಿನ ಅದೇ ಕಥೆಯನ್ನು ಕನ್ನಡದಲ್ಲಿ ಹೇಳಿ, ನಾಲ್ಕು ಸಾಲು ಬರೆಯಿಸುವುದು ಯಾರಿಗೂ ಅಸಾಧ್ಯವಲ್ಲ.

ಪಾಂಡವರು ಕಡೆಗೆ ಐದು ಊರುಗಳನ್ನಾದರೂ ಕೇಳಿದರು. ಮಕ್ಕಳು ತಮ್ಮ ಪಾಲನ್ನು ಕೇಳಲರಿಯರು, ಎತ್ತಿಡಬೇಕಾದವರು ನಾವೇ.