ಜ್ವಾಳದ ಕೊಂಪಿಯೂ ಐಸಿನ ಮೇಲಿನ ಗುಡಾರವೂ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮೊದಲು ಸಿಗುವುದು ನಮ್ಮ ಕಪನೂರ. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಕೆಂಪು ಬಾಳೆಹಣ್ಣಿನ ಕಮಲಾಪುರ. ಈಗ ಕಪನೂರ ಅಂದರೆ ಜನರಿಗೆ ನೆನಪಾಗುವುದು ಕೈಗಾರಿಕಾ ಪ್ರದೇಶ, ದಾಲ್ ಮಿಲ್ಲು, ರಸ್ತೆ ಬದಿಗೆ ಸಾಲಾಗಿ ನಿಂತ ಲಾರಿಗಳು. ಗಾಳಿಯಲ್ಲಿ ಸದಾ ತೊಗರಿ ಹೊಟ್ಟಿನ ವಾಸನೆ. ನಾನು ನಲವತ್ತು ವರ್ಷ ಆ ಮಿಲ್ಲುಗಳಿಗೆ ತಾಡಪತ್ರಿ ಹೊಲಿದುಕೊಟ್ಟವನು. ಅಕಾಲ ಮಳೆ ಬಂದಾಗ ತೊಗರಿ ರಾಶಿಯ ಮೇಲೆ ಹೊದಿಸುತ್ತಾರಲ್ಲ, ಅದೇ ತಾಡಪತ್ರಿ. ಹಾಗಾಗಿ ಬಟ್ಟೆ, ಹೊಲಿಗೆ, ಹಗ್ಗ, ಗಾಳಿ ಇವುಗಳ ಬಗ್ಗೆ ನನಗೆ ಸ್ವಲ್ಪ ಗೊತ್ತು ಎಂದುಕೊಂಡಿದ್ದೆ.

2023ರ ಡಿಸೆಂಬರಿನಲ್ಲಿ ಮಗ ನನ್ನನ್ನು ಅಮೆರಿಕಕ್ಕೆ ಕರೆಸಿಕೊಂಡ. ಅವನಿರುವುದು ಮಿನ್ನೆಸೋಟ ರಾಜ್ಯದ ಪ್ಲಿಮತ್ ಎಂಬ ಊರಿನಲ್ಲಿ. ಹೋಗುವಾಗ ಮೊಮ್ಮಗನಿಗೆ ಕಮಲಾಪುರದ ಬಾಳೆಹಣ್ಣು ಒಯ್ಯಬೇಕೆಂದಿದ್ದೆ. ಹಸಿ ಹಣ್ಣು ಆ ದೇಶದೊಳಗೆ ಬಿಡುವುದಿಲ್ಲ ಎಂದು ಮಗ ಫೋನಿನಲ್ಲೇ ಹೇಳಿದ. ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ ಕಟ್ಟಿಕೊಂಡೆ. ಅಭ್ಯಾಸಬಲದಿಂದ ದೊಡ್ಡ ಪೆಟ್ಟಿಗೆಯೊಳಗೆ ಒಂದು ದಬ್ಬಣ, ಮೇಣ ಸವರಿದ ದಾರದ ಒಂದು ಉಂಡೆಯನ್ನೂ ಇಟ್ಟುಕೊಂಡೆ. ಅದನ್ನು ನೋಡಿ ಮಗ ನಕ್ಕ. "ಅಪ್ಪಾ, ಅಲ್ಲಿ ಯಾರ ತಾಡಪತ್ರಿ ಹೊಲೀತಿ?"

ಮೊಮ್ಮಗನಿಗೆ ಹನ್ನೆರಡು ವರ್ಷ. ನಾನು ಹೋದ ಎರಡನೇ ದಿನವೇ ಪಕ್ಕದಲ್ಲಿ ಬಂದು ಕೂತ. "ಮುತ್ಯಾ, ನನಗ ಒಂದು ಟೆಂಟ್ ಆರಿಸಿಕೊಡು. ಒಬ್ಬನೇ ಕೂಡೂದು. ಹಗುರ ಇರಬೇಕು, ನಾನೇ ಎಳಕೊಂಡು ಹೋಗಂಗ ಇರಬೇಕು." ಏತಕ್ಕೆ ಎಂದರೆ, ಐಸಿನ ಮೇಲೆ ಕೂತು ಮೀನು ಹಿಡಿಯುವುದಕ್ಕೆ! ಶರತ್ಕಾಲದಲ್ಲಿ ನೆರೆಮನೆಯವರ ಅಂಗಳದಲ್ಲಿ ಬಿದ್ದ ಎಲೆ ಗುಡಿಸಿ ನೂರೈವತ್ತು ಡಾಲರ್ ಕೂಡಿಸಿದ್ದ. ಅವರಪ್ಪ ಎರಡು ಷರತ್ತು ಹಾಕಿದ್ದ. ಐಸಿನ ಮೇಲೆ ಎಂದೂ ಒಬ್ಬನೇ ಹೋಗಬಾರದು. ಟೆಂಟನ್ನು ಮುತ್ಯಾ ನೋಡಿ ಹೂಂ ಅನ್ನಬೇಕು.

ನಾನು ಮೀನು ತಿನ್ನುವವನಲ್ಲ. ಆ ಮಾತು ಹೇಳಿದರೆ ಹುಡುಗ, "ತಿನ್ನಬ್ಯಾಡ ಮುತ್ಯಾ, ಹಿಡದು ಮತ್ತ ಬಿಟ್ಟುಬಿಡ್ತೀನಿ. ನೀ ಬರೀ ಬಟ್ಟಿ ನೋಡು" ಎಂದ. ಬಟ್ಟೆ ನೋಡು ಅಂದ ಮೇಲೆ ನಾನು ಹೇಗೆ ಒಲ್ಲೆ ಅನ್ನಲಿ?

ಮಕ್ಕಳೇ, ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಬತ್ತಿ ನೆಲ ಬಿರಿಯುತ್ತದೆ. ಅಲ್ಲಿ ಚಳಿಗಾಲದಲ್ಲಿ ಕೆರೆ ಗಟ್ಟಿಯಾಗುತ್ತದೆ. ಆದರೆ ತಳದವರೆಗೂ ಅಲ್ಲ. ನೀರು ತಣ್ಣಗಾಗುತ್ತಾ ಹೋದಂತೆ ಭಾರವಾಗಿ ಕೆಳಗಿಳಿಯುತ್ತದೆ. ಆದರೆ 4 ಡಿಗ್ರಿ ಸೆಲ್ಸಿಯಸ್ ದಾಟಿ ಇನ್ನೂ ತಣ್ಣಗಾದರೆ ಮತ್ತೆ ಹಗುರಾಗಿ ಮೇಲೇ ಉಳಿಯುತ್ತದೆ. ಮೇಲಿನದು ಹೆಪ್ಪುಗಟ್ಟಿ ಚಪ್ಪರದಂತೆ ನಿಲ್ಲುತ್ತದೆ, ಕೆಳಗಿನ ನೀರಿನಲ್ಲಿ ಮೀನು ಬದುಕಿರುತ್ತವೆ. ನೀರಿನ ವಿಚಿತ್ರ ಗುಣ ಇದು. ಜನರು ಐಸಿನಲ್ಲಿ ಒಂದು ಗೇಣಿನಷ್ಟು ಅಗಲದ ತೂತು ಕೊರೆದು ಗಾಳ ಇಳಿಬಿಟ್ಟು ಕೂಡುತ್ತಾರೆ. ಕೊರೆಯುವುದಕ್ಕೆ ಬಡಿಗೇರರ ಗಿರಮಿಟ್ಟಿನಂಥದೇ ಒಂದು ಉಪಕರಣ, ಆದರೆ ನನ್ನ ಎದೆಯೆತ್ತರ. ಬಯಲಲ್ಲಿ ಕೂತರೆ ಗಾಳಿಗೆ ಕಿವಿಯೇ ಉದುರಿ ಹೋಗುವ ಹಾಗಿರುತ್ತದೆ. ಅದಕ್ಕೇ ಗುಡಾರ. ಹಿಂದೆಲ್ಲ ಮರದ ಸಣ್ಣ ಮನೆಯನ್ನೇ ಐಸಿನ ಮೇಲೆ ಎಳೆದು ತಂದು ಇಡುತ್ತಿದ್ದರಂತೆ. ಅದೇ ಮಿನ್ನೆಸೋಟದ ಡೇವ್ ಗೆಂಜ್ ಎಂಬಾತ 1980ರ ಸುಮಾರಿಗೆ ಜಾರುಬಂಡಿಯ ಮೇಲೆಯೇ ಬಟ್ಟೆಯ ಕಮಾನು ಕೂರಿಸಿ, ಬೇಕೆಂದಾಗ ತಲೆಯ ಮೇಲೆ ಮಗುಚಿಕೊಳ್ಳುವಂತೆ ಮಾಡಿದ. ಅಲ್ಲಿಂದ ಒಬ್ಬೊಬ್ಬರೇ ಸುಲಭವಾಗಿ ಜಾಗ ಬದಲಿಸುತ್ತಾ ಹೋಗುವುದು ಶುರುವಾಯಿತು.

ಅಂಗಡಿಗೆ ಹೋದೆವು. ಒಬ್ಬರು ಕೂಡುವಂಥವು ಮೂರು ಇದ್ದವು. ಮೊದಲನೆಯದು ಡೇವ್ ಗೆಂಜನ ರೀತಿಯದು. ಕೆಳಗೆ ಪ್ಲಾಸ್ಟಿಕ್ ತೊಟ್ಟಿಯಂಥ ಜಾರುಬಂಡಿ, ಒಳಗೇ ಕುರ್ಚಿ, ಎರಡು ಪದರಿನ ನಡುವೆ ಹತ್ತಿ ತುಂಬಿದ ದುಪ್ಪಟಿಯಂಥ ಬಟ್ಟೆ. ನೋಡಿದರೆ ನನಗೇ ಒಳಗೆ ಮಲಗಬೇಕು ಅನಿಸಿತು. ಆದರೆ ಇಪ್ಪತ್ತು ಕಿಲೋಕ್ಕೆ ಮಿಗಿಲು ಭಾರ. ಹುಡುಗನಿಗೆ ಎಳೆದು ನೋಡು ಎಂದೆ. ಅಂಗಡಿಯ ನುಣುಪು ನೆಲದ ಮೇಲೆ ಸಲೀಸಾಗಿ ಎಳೆದ. "ಹಿಮದಾಗ ಎಳೀತಿಯೇನು?" ಎಂದರೆ ಸುಮ್ಮನಾದ. ಬೆಲೆಯೂ ಅವನ ನೂರೈವತ್ತಕ್ಕೆ ನಿಲುಕುತ್ತಿರಲಿಲ್ಲ.

ಎರಡನೆಯದು ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಅಗ್ಗ. ಹುಡುಗನ ಕಣ್ಣು ಅದರ ಮೇಲೆಯೇ. ನಾನು ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದೆ. ಬಟ್ಟೆಯ ಚೀಟಿಯ ಮೇಲೆ 210 ಡೆನಿಯರ್ ಎಂದಿತ್ತು. ಡೆನಿಯರ್ ಅಂದರೆ ನೂಲಿನ ತೂಕದ ಲೆಕ್ಕ: ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂಕಿ ದೊಡ್ಡದಾದಷ್ಟೂ ನೂಲು ದಪ್ಪ. ನೂಲು ತೆಳುವಾದರೂ ಪರವಾಗಿಲ್ಲ, ಹೊಲಿಗೆ ಚೆನ್ನಾಗಿದ್ದರೆ ನಡೆಯುತ್ತದೆ. ಆದರೆ ಇದರ ಮೂಲೆಗಳಲ್ಲಿ, ಕಂಬಿ ಬಂದು ಒತ್ತುವ ಜಾಗದಲ್ಲಿ, ಒಂದೇ ಸಾಲು ಹೊಲಿಗೆ. ಎರಡನೇ ಪದರು ಬಟ್ಟೆ ಇಟ್ಟೇ ಇರಲಿಲ್ಲ. ನಮ್ಮ ಮಿಲ್ಲಿನವರಿಗೆ ಇಂಥ ತಾಡಪತ್ರಿ ಕೊಟ್ಟಿದ್ದರೆ ಮೊದಲ ಮಳೆಗೇ ನನ್ನ ಅಂಗಡಿ ಮುಚ್ಚಿಸುತ್ತಿದ್ದರು. ಕೆಳಗಿನ ಅಂಚಿಗೆ ಸೆರಗೂ ಇಲ್ಲ.

ಸೆರಗು ಅಂದೆನಲ್ಲ, ಮೂರನೆಯದಕ್ಕೆ ಅದಿತ್ತು. ಗುಡಾರದ ಬುಡದ ಸುತ್ತ ಒಂದು ಮೊಳಕ್ಕೆ ಕಡಿಮೆ ಅಗಲದ ಪಟ್ಟಿ, ಹೊರಗೆ ಹರಡಿಕೊಳ್ಳುವಂಥದು. ಅದರ ಮೇಲೆ ಹಿಮ ಗೋರಿ ಹಾಕಿದರೆ ಕೆಳಗಿಂದ ಗಾಳಿ ನುಗ್ಗುವುದಿಲ್ಲ. ಅದನ್ನು ಕಂಡಕೂಡಲೇ ನನಗೆ ನಮ್ಮ ಹೊಲದ ಕೊಂಪಿ ನೆನಪಾಯಿತು. ಜ್ವಾಳದ ದಂಟು ನಿಲ್ಲಿಸಿ ಕಟ್ಟಿದ ಮೇಲೆ ನಮ್ಮಪ್ಪ ಬುಡದ ಸುತ್ತ ಕರಿಮಣ್ಣು ಏರಿಸುತ್ತಿದ್ದ. ಅದೇ ಕೆಲಸ, ಅಲ್ಲಿ ಮಣ್ಣು, ಇಲ್ಲಿ ಹಿಮ.

ಮೂರನೆಯದರ ಬಟ್ಟೆ 300 ಡೆನಿಯರ್, ತೂಕ ಹತ್ತು ಕಿಲೋ ಆಸುಪಾಸು. ಮಡಚಿದರೆ ಉದ್ದನೆಯ ಚೀಲ, ಹೆಗಲಿಗೆ ಹಾಕಿಕೊಳ್ಳಬಹುದು. ಒಳಗೆ ನಿಂತು ನಾಲ್ಕೂ ಗೋಡೆಯ ನಡುಭಾಗವನ್ನು ಹೊರಕ್ಕೆ ತಳ್ಳಿದರೆ ಕೊಡೆಯಂತೆ ಟಪ್ಪೆಂದು ಬಿಚ್ಚಿಕೊಳ್ಳುತ್ತದೆ. ಹುಡುಗನಿಗೆ ದಪ್ಪ ಕೈಗವಸು ಹಾಕಿಸಿ ಜಿಪ್ಪು ಎಳೆಸಿದೆ. ಬೆರಳಿಗೆ ಸಿಗಲಿಲ್ಲ. ಅದಕ್ಕೊಂದು ದಾರದ ಕುಣಿಕೆ ಹಾಕಿಕೊಟ್ಟರಾಯಿತು ಎಂದುಕೊಂಡೆ. ನೆತ್ತಿಯಲ್ಲಿ ಗಾಳಿ ಆಡುವ ಕಿಂಡಿ ಇದೆಯೇ ಎಂದು ಮಾತ್ರ ಎರಡೆರಡು ಸಲ ನೋಡಿದೆ. ಚಳಿಗೆ ಕೆಲವರು ಒಳಗೆ ಗ್ಯಾಸಿನ ಹೀಟರ್ ಹಚ್ಚುತ್ತಾರಂತೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಶೇಗಡಿ ಇಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋದ ಸುದ್ದಿ ನಾವು ಕೇಳಿಲ್ಲವೇ? ಆ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಕಿಂಡಿ ಎರಡಿತ್ತು. ಆದರೂ ಹೀಟರ್ ಬೇಡವೇ ಬೇಡ ಎಂದೆ. ಒಳಗೆಲ್ಲ ಕಪ್ಪು ಬಣ್ಣ, ಕತ್ತಲಿದ್ದರೆ ತೂತಿನೊಳಗಿನ ನೀರು ಸ್ಪಷ್ಟ ಕಾಣುತ್ತದಂತೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಇಂಥದ್ದರೊಳಗೆ ಕೂತರೆ ಮನುಷ್ಯ ಹಪ್ಪಳವಾಗುತ್ತಾನೆ!

ಮೂರನೆಯದನ್ನೇ ತಂದೆವು. ಎಲ್ಲವನ್ನೂ ನೋಡಿದೆ ಎಂಬ ಜಂಬ ನನಗೆ.

ಆದರೆ ಐಸೇ ಬರಲಿಲ್ಲ. ಆ ಚಳಿಗಾಲ ಮಿನ್ನೆಸೋಟದಲ್ಲಿ ದಾಖಲೆಯಲ್ಲೇ ಅತಿ ಬೆಚ್ಚಗಿನದು. ಕ್ರಿಸ್ಮಸ್ಸಿಗೆ ಮಳೆ ಸುರಿಯಿತು. ಹುಡುಗ ದಿನಾ ಟೆಂಟನ್ನು ಮನೆಯ ನಡುಕೋಣೆಯಲ್ಲಿ ಬಿಚ್ಚಿ ಒಳಗೆ ಕೂತು ಪುಸ್ತಕ ಓದುತ್ತಿದ್ದ. ಜನವರಿ 11ರಂದು ನಮ್ಮ ಕಡೆ ಎಳ್ಳಮಾವಾಸ್ಯೆ. ಹೊಲಕ್ಕೆ ಹೋಗಿ, ದಂಟಿನ ಕೊಂಪಿ ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಣ್ಣುವ ದಿನ. ಆ ದಿನ ನಾನು ಆ ಟೆಂಟಿನೊಳಗೆ ಮೊಮ್ಮಗನ ಜತೆ ಒತ್ತಿಕೊಂಡು ಕೂತು, ಸೊಸೆ ಮಾಡಿದ ಭಜ್ಜಿ ಉಂಡೆ. ಒಬ್ಬರ ಟೆಂಟಿನಲ್ಲಿ ಇಬ್ಬರು ಹಿಡಿಸುತ್ತಾರೆ, ಆದರೆ ಮೊಣಕಾಲು ಕಿವಿಗೆ ಬರುತ್ತದೆ.

ಅದಾದ ಒಂದೆರಡು ದಿನಕ್ಕೆ ಚಳಿ ಬಂತು ನೋಡಿ. ರಾತ್ರಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಮುಂದಿನ ವಾರ ಮಗ ನಮ್ಮಿಬ್ಬರನ್ನೂ ಮನೆಯ ಹತ್ತಿರದ ಮೆಡಿಸಿನ್ ಲೇಕಿಗೆ ಕರೆದೊಯ್ದ. ನಡೆದಾಡಲು ಹೊಸ ಗಟ್ಟಿ ಐಸು ಕನಿಷ್ಠ 4 ಇಂಚು ಇರಬೇಕೆಂದು ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಮಗ ಮುಂದೆ ಮುಂದೆ ಹೋಗಿ ತೂತು ಕೊರೆದು ಪಟ್ಟಿಯಿಂದ ಅಳೆಯುತ್ತಿದ್ದ. ಆರು ಇಂಚು ಸಿಕ್ಕಿತು. ನಾನು ಹೆಜ್ಜೆ ಇಡುವಾಗ ಕೆಳಗೆ ಎಲ್ಲೋ "ಟುಂಯ್" ಎಂದು ತಂತಿ ಮೀಟಿದಂಥ ಸದ್ದು. ಐಸು ಹಿಗ್ಗುವಾಗ ಹಾಗೆ ಹಾಡುತ್ತದಂತೆ. ನನ್ನ ಜೀವ ಮಾತ್ರ ಹಾಡಲಿಲ್ಲ.

ಮಗ ದೂರದಲ್ಲಿ ಇನ್ನೊಂದು ತೂತು ಕೊರೆಯುತ್ತಿದ್ದ. ಹುಡುಗನಿಗೆ ತಡೆಯಲಾಗಲಿಲ್ಲ. ಚೀಲ ಬಿಚ್ಚಿ ಟೆಂಟು ಎಬ್ಬಿಸಿಯೇ ಬಿಟ್ಟ. ಐಸಿಗೆ ತಿರುಗಿಸಿ ಹಾಕುವ ಕಬ್ಬಿಣದ ಸ್ಕ್ರೂಗಳು ಇನ್ನೂ ಚೀಲದ ತಳದಲ್ಲೇ ಇದ್ದವು. ಒಂದು ಗಾಳಿ ಬೀಸಿತು, ಅಷ್ಟೇ. ಹತ್ತು ಕಿಲೋ ಟೆಂಟು ಗಾಳಿಪಟದಂತೆ ಎದ್ದು ಉರುಳುತ್ತಾ ಓಡಿತು. ಹಿಂದೆಯೇ ಹುಡುಗ ಓಡಿದ. ಅದು ಹೋಗುತ್ತಿದ್ದುದು ಹಳ್ಳ ಬಂದು ಕೆರೆ ಸೇರುವ ಮೂಲೆಯ ಕಡೆಗೆ. ಹರಿಯುವ ನೀರಿನ ಮೇಲೆ ಐಸು ತೆಳ್ಳಗಿರುತ್ತದೆ, ಆ ಕಡೆ ಕಾಲಿಡಬೇಡಿ ಎಂದು ಮಗ ದಡದಲ್ಲೇ ಹೇಳಿದ್ದ.

ನನ್ನ ಗಂಟಲಿನಿಂದ ಬಂದ ಮಾತು ನನ್ನದಾಗಿರಲಿಲ್ಲ. "ಹೋದ್ರ ಹೋಗ್ಲಿ, ನೀ ನಿಲ್ಲು!"

ಅರವತ್ತು ವರ್ಷದ ಹಿಂದೆ ಕಪನೂರದ ಹೊಲದಲ್ಲಿ ನಮ್ಮಪ್ಪ ಕೂಗಿದ ಮಾತು ಅದು. ನನಗಾಗ ಹನ್ನೊಂದು. ಹಿಂಗಾರಿ ಜ್ವಾಳ ತೆನೆ ಹಾಲುಗಟ್ಟಿತ್ತು. ಮೊದಲ ಸಲ ರಾತ್ರಿ ಒಬ್ಬನೇ ಹೊಲ ಕಾಯಲು ನಿಂತಿದ್ದೆ. ಹಗಲೆಲ್ಲ ಕವಣೆ ಬೀಸಿ ಗಿಳಿ ಓಡಿಸಿ ತೋಳು ನೋಯುತ್ತಿತ್ತು. ಕೊಂಪಿಯ ಮೇಲೆ ಹೊದಿಸಿದ ಕಂಬಳಿಗೆ ಕಲ್ಲು ಹೇರಬೇಕೆಂಬುದನ್ನು ಮರೆತು ಕೂತಿದ್ದೆ. ಗಾಳಿಗೆ ಕಂಬಳಿ ಹಾರಿತು. ಮನೆಯಲ್ಲಿ ಇದ್ದದ್ದು ಅದೊಂದೇ ಕಂಬಳಿ. ಕತ್ತಲಲ್ಲಿ ಅದರ ಬೆನ್ನು ಹತ್ತಿ ಓಡಿದೆ. ಊಟದ ಬುತ್ತಿ, ಕಂದೀಲು ಹಿಡಿದು ಬದುವಿನ ಮೇಲೆ ಬರುತ್ತಿದ್ದ ಅಪ್ಪ ಕೂಗಿದ. ನಿಂತೆ. ಕಂದೀಲು ಹತ್ತಿರ ಬಂದ ಮೇಲೆ ನೋಡಿದರೆ, ನಾಲ್ಕು ಮಾರು ಮುಂದೆ ಕಟ್ಟೆ ಇಲ್ಲದ ಹಾಳುಬಾವಿ. ಅಪ್ಪ ಬಯ್ಯಲಿಲ್ಲ, ಹೊಡೆಯಲಿಲ್ಲ. ಬುತ್ತಿ ಬಿಚ್ಚಿ ಮೊದಲು ಉಣ್ಣು ಎಂದ. ಅವನ ಕೈ ನಡುಗುತ್ತಿದ್ದುದು ರೊಟ್ಟಿ ಕೊಡುವಾಗ ಕಂಡಿತು.

ಹುಡುಗ ನಿಂತ. ನಿಂತಲ್ಲೇ ಅಳತೊಡಗಿದ. ಟೆಂಟು ಉರುಳಿ ಹೋಗಿ ದಂಡೆಯ ಜೊಂಡಿಗೆ ಸಿಕ್ಕಿಕೊಂಡಿತು. ಅಲ್ಲಿ ಮೀನು ಹಿಡಿಯುತ್ತಿದ್ದ ನನ್ನ ವಯಸ್ಸಿನವರೊಬ್ಬರು ದಂಡೆಯ ಮೇಲೆ ಬಳಸಿಕೊಂಡು ಹೋಗಿ, ಉದ್ದನೆಯ ಕೊಕ್ಕೆಯಿಂದ ಎಳೆದು ತಂದುಕೊಟ್ಟರು. ಏನೋ ಹೇಳಿ ನಕ್ಕರು. ಅವರ ಮೊದಲ ಟೆಂಟೂ ಹೀಗೇ ಹೋಗಿತ್ತಂತೆ, ಮಗ ಕನ್ನಡದಲ್ಲಿ ಹೇಳಿದ. ಒಂದು ಕಂಬಿ ಬಾಗಿತ್ತು, ಒಂದು ಮೂಲೆ ಗೇಣುದ್ದ ಹರಿದಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಗಡಿಯಲ್ಲಿ ನೂಲು ನೋಡಿದೆ, ಹೊಲಿಗೆ ನೋಡಿದೆ, ಕಿಂಡಿ ಎಣಿಸಿದೆ. ಹಗುರ ಬೇಕು ಎಂದು ಹುಡುಗ ಅಂದಾಗ, ಹಗುರಾದದ್ದು ಹಾರುತ್ತದೆ ಎಂದು ಹೇಳಬೇಕಾದವನು ನಾನು. ಹನ್ನೊಂದನೇ ವಯಸ್ಸಿನಲ್ಲೇ ಅದು ನನಗೆ ಗೊತ್ತಿತ್ತು.

ಬೆಳಗ್ಗೆ ದಬ್ಬಣ ತೆಗೆದೆ. ಈ ಸಲ ಮಗ ನಗಲಿಲ್ಲ, ದಾರ ಹಿಡಿದು ಕೂತ. ಹರಿದ ಮೂಲೆಗೆ ಹಳೆಯ ಚೀಲದ ದಪ್ಪ ಬಟ್ಟೆಯ ತೇಪೆ ಇಟ್ಟು ಎರಡು ಸಾಲು ಹೊಲಿದೆ. ಸ್ಕ್ರೂಗಳಿಗೆ ಟೆಂಟಿನ ಚೀಲದ ಹೊರಗೆ, ಮೊದಲು ಕೈಗೆ ಸಿಗುವ ಹಾಗೆ, ಒಂದು ಜೇಬು ಮಾಡಿದೆ. ಗಾಳಿ ಬರುವ ಕಡೆಯ ಬುಡಕ್ಕೆ ಒಂದೂವರೆ ಮಾರು ಹಗ್ಗ ಕಟ್ಟಿ ಅದರ ತುದಿಗೆ ಕುಣಿಕೆ ಹಾಕಿದೆ. ಮೊದಲು ಐಸಿಗೆ ಸ್ಕ್ರೂ, ಅದಕ್ಕೆ ಕುಣಿಕೆ, ಅದಾದ ಮೇಲೆಯೇ ಟೆಂಟು ಬಿಚ್ಚುವುದು. ಹುಡುಗನಿಂದ ನಡುಕೋಣೆಯಲ್ಲಿ ಮಂಚದ ಕಾಲಿಗೆ ಕಟ್ಟಿಸಿ ಹತ್ತು ಸಲ ಅಭ್ಯಾಸ ಮಾಡಿಸಿದೆ. ಮುಂದಿನ ಸಲ ಹೋದಾಗ ಟೆಂಟು ಅಲ್ಲಾಡಲಿಲ್ಲ. ಅಂಗೈ ಅಗಲದ ಒಂದು ಬ್ಲೂಗಿಲ್ ಮೀನು ಸಿಕ್ಕಿತು. ಹೊಟ್ಟೆ ಕಿತ್ತಳೆ ಬಣ್ಣ, ಕಿವಿರಿನ ಬಳಿ ಕಾಡಿಗೆ ಹಚ್ಚಿದಂಥ ಬೊಟ್ಟು. ನನ್ನ ಕೈಯಿಂದಲೇ ನೀರಿಗೆ ಬಿಡಿಸಿದ. ಬೆರಳು ಒಂದು ಗಂಟೆ ಮರಗಟ್ಟಿತ್ತು.

ಆ ವರ್ಷದ ಕೊನೆಯ ಎಳ್ಳಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂತು. ಶಾಲೆಗೆ ರಜೆ ಇತ್ತು, ಮಗ ಸೊಸೆ ಹುಡುಗನನ್ನು ಕರೆದುಕೊಂಡು ಊರಿಗೆ ಬಂದರು. ಕಪನೂರದಲ್ಲಿ ನಮ್ಮ ಹೊಲ ಈಗಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಾರಿದೆವು. ಕೊಂಪಿ ಇದ್ದ ಕಡೆ ತೊಗರಿ ತುಂಬುವ ಗೋದಾಮು ನಿಂತಿದೆ, ಬಾವಿಯನ್ನೂ ಮುಚ್ಚಿದ್ದಾರೆ. ರಸ್ತೆಯಲ್ಲಿ ನಿಂತು ಹುಡುಗನಿಗೆ ಬೆರಳು ಮಾಡಿ ತೋರಿಸಿದೆ. ಆಮೇಲೆ ಕಮಲಾಪುರದಾಚೆ ಇರುವ ನಮ್ಮ ಬೀಗರ ಹೊಲಕ್ಕೆ ಹೋದೆವು. ದಾರಿಯಲ್ಲಿ ಒಂದು ಡಜನ್ ಕೆಂಪು ಬಾಳೆಹಣ್ಣು ಕೊಡಿಸಿದೆ. ಹುಡುಗ ಕಾರಿನಲ್ಲೇ ನಾಲ್ಕು ಮುಗಿಸಿದ.

ಹೊಲದಲ್ಲಿ ಬೀಗರ ಮಕ್ಕಳು ದಂಟು ತಂದು ಕೊಂಪಿ ಕಟ್ಟಲು ಶುರು ಮಾಡಿದರು. ನನ್ನ ಮೊಮ್ಮಗ ಕೈ ಹಚ್ಚಲಿಲ್ಲ. ಬದುವಿನ ಮೇಲೆ ನಿಂತು ಬೆರಳು ಒದ್ದೆ ಮಾಡಿ ಮೇಲೆತ್ತಿ ಹಿಡಿದ.

"ತಡೀರಿ," ಎಂದ. "ಮುತ್ಯಾ, ಇಲ್ಲಿ ಗಾಳಿ ಯಾವ ಕಡಿಂದ ಬರ್ತದ?"